ಚಾರುಮತಿಯ ಹೆಸರಿನ ವೇತನ

ಕ್ರಿ.ಶ. ೨೨೧೯, ಮರುಬೇಸಿಗೆಯ ಮೊದಲ ವಾರ
ಒಳೂರು, ಕೋಲಾರ ಸೀಮೆ

ಪೂಜ್ಯ ವನಜಾಕ್ಷಮ್ಮನವರಿಗೆ,

ನಿಮ್ಮ ಕಾಲಕ್ಕೆ ಇನ್ನೂ ಹುಟ್ಟದ ನಾನು ಕಾಲದ ಹಿಂದಕ್ಕೆ ಈ ಓಲೆ ಬರೆಯುತ್ತಿದ್ದೇನೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನೆಲದಡಿಯಲ್ಲಿ ನಾಲ್ಕು ತಲೆಮಾರು ಬದುಕಿದ ಮಾತು ಇದು. ನಿಮ್ಮ ಮಗಳು ಚಾರುಮತಿ ತೀರಿಕೊಂಡು ವರ್ಷವೂ ತುಂಬಿಲ್ಲ. ನೃತ್ಯವೇ ಪ್ರಾಣವಾಗಿದ್ದ ಆ ಹುಡುಗಿಯ ಹೆಸರಿನಲ್ಲಿ ವಿದ್ಯಾರ್ಥಿವೇತನ ಇಡಲು, ಅದರ ನಿಯಮ ಬರೆಯಲು ನೀವು ಈ ವಾರ ಕೂರುತ್ತೀರಿ. ಅದಕ್ಕೇ ನನಗೆ ಅವಸರ.

ನನ್ನ ಹೆಸರು ಸುನಂದಿನಿ, ಇಲ್ಲಿನ ಶಾಲೆಯ ಮೇಡಂ. ಹಗಲು ಮೇಲೆ ನಿಲ್ಲಲಾಗದಷ್ಟು ಬಿಸಿಲು, ಹಾಗಾಗಿ ಬಂಡೆಯೊಳಗೆ ಕೊರೆದ ಊರಿನಲ್ಲಿದ್ದೇವೆ. ಉಸಿರುಗಂಬವೆಂಬ ಯಂತ್ರ ಮೇಲಿನ ಗಾಳಿಯನ್ನು ತಂಪುಮಾಡಿ ಕೆಳಗಿಳಿಸುತ್ತದೆ. ಊಟಕ್ಕೆ ರಾಗಿ ಮುದ್ದೆ, ಕತ್ತಲಲ್ಲಿ ಬೆಳೆದ ಅಣಬೆಯ ಸಾರು. ಮುಂಜಾನೆಯ ಮಬ್ಬಿನಲ್ಲಿ ಮಕ್ಕಳು ಮೇಲೆ ಹೋಗಿ ಆಕಾಶ ನೋಡಿ ಬರುತ್ತಾರೆ. ನಿಮ್ಮ ಮಗಳ ವೇತನವೂ ಉಳಿದಿದೆ. ಅದನ್ನು ಪಡೆದವರು ಬೇರೆ ದುಡಿಯಬೇಕಿಲ್ಲ. ಓದು, ಜೊತೆಗೆ ನೃತ್ಯ.

ಈ ಸಲ ನನ್ನ ಶಿಷ್ಯೆ ಇರಾವತಿ ಅದನ್ನು ಕೇಳಿದ್ದಳು. ಊರ ಸಭೆಯ ಹಿರಿಯರಾದ ಮುನಿಶಾಮಪ್ಪನವರು, ಇನ್ನು ಮೇಲೆ ಅದು ಉಸಿರುಗಂಬದ ಕೆಲಸ ಕಲಿಯುವವರಿಗೆ ಮಾತ್ರ ಎಂದುಬಿಟ್ಟರು. ಕೆಟ್ಟವರಲ್ಲ, ಯಂತ್ರ ಹಳೆಯದಾಗಿದೆಯೆಂಬ ಭಯ. "ಕುಣಿದ್ರೆ ಗಾಳಿ ಬರ್ತದೇನಮ್ಮ?" ಎಂದು ನನ್ನನ್ನು ಕೇಳಿದರು.

ಮರುವಾರ ಉಸಿರುಗಂಬ ಸುಟ್ಟು ನಿಂತಿತು. ನೆತ್ತಿಯ ಮೇಲೆ ಸೂರ್ಯ, ಮೇಲೆ ಹೋಗುವಂತಿಲ್ಲ. ಯಂತ್ರದ ಹೊಗೆ ನುಗ್ಗದಂತೆ ಶಾಲೆಯ ಬಾಗಿಲು ಬಿಗಿದೆವು. ಒಳಗೆ ಮಕ್ಕಳು, ನಾನು, ಇರಾವತಿ, ಮೊಮ್ಮಗಳನ್ನು ಕರೆದೊಯ್ಯಲು ಬಂದು ಸಿಕ್ಕಿಬಿದ್ದ ಮುನಿಶಾಮಪ್ಪನವರು. ಅಳದೆ, ಅಲುಗದೆ ಕುಳಿತರೆ ಮಾತ್ರ ಇದ್ದ ಗಾಳಿ ಸಾಲುತ್ತಿತ್ತು. ಒಂದು ಮಗು ಚೀರಿತು. ಇನ್ನೊಂದು ಬಾಗಿಲಿಗೆ ಗುದ್ದತೊಡಗಿತು. ನಾನು ಗದರಿದಷ್ಟೂ ಅಳು ಹೆಚ್ಚಿತು.

ಇರಾವತಿ ದೀಪದ ಪಕ್ಕ ಕುಳಿತಳು. ಕಾಲು ಎತ್ತಲಿಲ್ಲ. ಬರೀ ಬೆರಳು, ಕಣ್ಣು, ಹುಬ್ಬು. ಒಂದು ಕೈಯಲ್ಲಿ ಮೀನು ಈಜಿತು. ಇನ್ನೊಂದರಲ್ಲಿ ಕೊಕ್ಕರೆ ಹೊಂಚಿತು. ಕೆರೆಯನ್ನೇ ಕಾಣದ ಮಕ್ಕಳು, ತಾವು ಅಲುಗಿದರೆ ಮೀನು ಬೆದರೀತೆಂದು ಬೊಂಬೆಗಳಂತೆ ಕುಳಿತರು. ಬಾಗಿಲ ಬಳಿಯ ಮಗು ಮೆಲ್ಲಗೆ ಬಂದು ನನ್ನ ಮಡಿಲು ಸೇರಿತು. ಹೊತ್ತು ಕಳೆದಂತೆ ಉಸಿರು ಭಾರವಾಯಿತು. ಇರಾವತಿಯ ತುಟಿ ನೀಲಿಗಟ್ಟಿತು. ನಿಲ್ಲಿಸೆಂದು ಸನ್ನೆ ಮಾಡಿದೆ. ಅವಳು ನನ್ನತ್ತ ತಿರುಗಲೇ ಇಲ್ಲ.

ಕಂಬ ಸರಿಹೋಗಿ ಬಾಗಿಲು ತೆರೆದಾಗ ಮಕ್ಕಳೆಲ್ಲ ಉಸಿರಾಡುತ್ತಿದ್ದರು. ಅವಳು ಎಚ್ಚರ ತಪ್ಪಿದ್ದಳು.

ಮರುದಿನ ಅವಳು ಕಣ್ಣು ಬಿಟ್ಟಾಗ ಮುನಿಶಾಮಪ್ಪನವರು ಹಾಸಿಗೆಯ ಪಕ್ಕದಲ್ಲೇ ಇದ್ದರು. "ಆ ಮೀನು ತಪ್ಪಿಸ್ಕೊಳ್ತೋ ಇಲ್ವೋ ಮಗಾ? ನನ್ನ ಮೊಮ್ಮಗಳು ಕೇಳ್ತಾವ್ಳೆ," ಎಂದರು. ಅಂದು ಸಂಜೆಯೇ ವೇತನ ಇರಾವತಿಯದಾಯಿತು. ಕಂಬ ರಿಪೇರಿ ಮಾಡಿದವನ ಅಂಗೈಗಳೂ ಸುಟ್ಟಿವೆ. ಅಂಥವರ ಕಲಿಕೆಗೆ ಬೇರೆ ದಾರಿ ಹುಡುಕುತ್ತಿದ್ದೇವೆ.

ಅಮ್ಮಾ, ನಿಯಮ ಬರೆಯಲು ನಿಮ್ಮ ಜೊತೆ ಕೂರುವವರು ನೃತ್ಯವೆಂಬ ಮಾತು ತೆಗೆದು 'ಉಪಯುಕ್ತ ವಿದ್ಯೆ' ಎಂದು ಬರೆಯೋಣ ಅನ್ನುತ್ತಾರೆ. ನೀವು ದಣಿದಿದ್ದೀರಿ, ಹೂಂ ಅನ್ನುವುದು ಸುಲಭ. ನೀವು ಒಪ್ಪಲಿಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಯಾಕೆ ಒಪ್ಪಲಿಲ್ಲವೋ ಯಾರಿಗೂ ಗೊತ್ತಿಲ್ಲ. ಈ ಓಲೆಯೇ ಕಾರಣವಾಗಿದ್ದು, ಇದು ಬಾರದಿದ್ದರೆ ನೀವು ಒಪ್ಪಿಬಿಟ್ಟೀರೆಂಬ ಅಂಜಿಕೆಯಿಂದ, ಬರೆಯದೆ ಇರುವ ಧೈರ್ಯ ನನಗಾಗಲಿಲ್ಲ.

ಒಪ್ಪಬೇಡಿ.