ಬಲಕ್ಕೆ ಬಿದ್ದ ಹೂವು

೧೪-೭-೨೦೦೩, ಸೋಮವಾರ

ನಾಳೆಯೊಳಗೆ ಬ್ಯಾಂಕ್ ಖಾತೆ ತೆರೆಯದಿದ್ದರೆ ವಿದ್ಯಾರ್ಥಿವೇತನ ಕೈತಪ್ಪುತ್ತದೆ ಎಂದು ಕಾಲೇಜಿನಲ್ಲಿ ಹೇಳಿದ್ದಾರೆ. ಎರಡು ಬ್ಯಾಂಕುಗಳ ಅರ್ಜಿ ತಂದಿಟ್ಟುಕೊಂಡಿದ್ದೇನೆ, ಯಾವ ಬ್ಯಾಂಕು ಎಂಬುದೇ ತಿಳಿಯುತ್ತಿಲ್ಲ. ಹುಣಸೂರಿನ ಹೊಸ ಬ್ಯಾಂಕಿನಲ್ಲಿ ಖಾತೆ ಮಾಡಿಸಿದ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಎರಡು ಸಲ ರೈಲು ಟಿಕೆಟ್ಟು ಅರ್ಧ ದರಕ್ಕೆ ಸಿಗುತ್ತದಂತೆ. ಬಿಳಿಕೆರೆಯ ಬ್ಯಾಂಕಿನಲ್ಲಿ ಅಂಥದ್ದೇನೂ ಇಲ್ಲ, ಆದರೆ ಮನೆಯಿಂದ ನಡೆದೇ ಹೋಗಬಹುದು. ನಾನು ಇದುವರೆಗೆ ರೈಲು ಹತ್ತಿದವಳಲ್ಲ. ಹತ್ತಬೇಕೆಂದರೂ ಮೊದಲು ಬಸ್ಸಿನಲ್ಲಿ ಕೆ.ಆರ್. ನಗರಕ್ಕೆ ಹೋಗಬೇಕು. ಆದರೂ ಒಮ್ಮೆ ಸಮುದ್ರ ನೋಡುವ ಆಸೆ. ಆ ಅರ್ಧ ಟಿಕೆಟ್ಟು ತಲೆಯಿಂದ ಇಳಿಯುತ್ತಲೇ ಇಲ್ಲ.

ನನ್ನ ಪೇಚಾಟ ನೋಡಲಾರದೆ ಅಜ್ಜಿ ಸಂಜೆ ಮಾರಮ್ಮನ ಗುಡಿಗೆ ಹೋಗಿ ಹೂವು ಕೇಳಿ ಬಂದಳು.

"ಬಲಕ್ಕೇ ಬಿತ್ತು ಕಣವ್ವ!"

"ಬಲಕ್ಕೆ ಯಾವ ಬ್ಯಾಂಕು ಅಂದ್ಕೊಂಡಿದ್ದೆ ಅಜ್ಜಿ?"

"ಬ್ಯಾಂಕಾ? ಅದ್ನ ಯಾರ್ ಕೇಳುದ್ರು ಬುಡು. ನಮ್ ನಂದಿತಾ ಎಲ್ಲಿಗೆ ಹೋದ್ರೂ ಸುಕವಾಗಿ ಮನೆಗ್ ಬತ್ತಾಳಾ ಅಂತ ಕೇಳ್ದೆ."

ಬಲಕ್ಕೆ ಬಿದ್ದರೆ ಹೌದು ಎಂದೇ ಅರ್ಥ; ಎಲ್ಲಿಗೆ ಹೋದರೂ ಎಂದಮೇಲೆ ಸಮುದ್ರಕ್ಕೂ ಹೋಗಿ ಬರಬಹುದು, ಹಾಗಾದರೆ ಹುಣಸೂರೇ ಎಂದು ಖುಷಿಯಲ್ಲಿ ಆ ಅರ್ಜಿ ತೆಗೆದೆ. ಆಮೇಲೆ ಅನುಮಾನ ಬಂತು. ಬಿಳಿಕೆರೆಗೆ ಹೋಗಿ ಬರುವುದೂ ಹೋಗಿ ಬರುವುದೇ ಅಲ್ಲವೇ? ಎರಡು ಅರ್ಜಿಗಳ ಮೇಲೂ ಹೆಸರು ಬರೆದು ಕೂತಿದ್ದೇನೆ. ಅಜ್ಜಿ ಕೊಟ್ಟ ಹೂವನ್ನು ಮಾತ್ರ, ಯಾಕೋ, ಹುಣಸೂರಿನದರ ಒಳಗೆ ಇಟ್ಟಿದ್ದೇನೆ.