ನೀಲಿ ಬಟ್ಟೆಯ ಪುಟ್ಟ ಫ್ರಾಕು

ಇಬಾದಾನ್, ಮಂಗಳವಾರ

ಅತ್ತೆಯವರಿಗೆ ಮೊರೆನಿಕೆಯ ನಮಸ್ಕಾರಗಳು.

"ಮದುವೆ ಹೆಣ್ಣು ತಲೆ ಕೆಡಿಸ್ಕೋಬಾರ್ದು, ಎಲ್ಲಾ ನಾನ್ ನೋಡ್ಕೋತೀನಿ" ಅಂದಿರಿ. ನೋಡಿಕೊಂಡಿರಿ ಕೂಡ. ಮದುವೆಗೆ ನಮ್ಮ ಕಡೆಯವರಿಗೆಲ್ಲ ಹವಳದ ಬಣ್ಣದ ಬಟ್ಟೆ, ನಿಮ್ಮ ಮನೆಯವರಿಗೆಲ್ಲ ನೀಲಿ. ಚಪ್ಪರದ ಹೂವೂ ಅದಕ್ಕೆ ಒಪ್ಪುವಂಥದ್ದೇ. ನಾನು ನಿಶ್ಚಿಂತೆಯಿಂದಿದ್ದೆ.

ನಿನ್ನೆ ಬಟ್ಟೆ ಹೊಲಿಯುವ ಸಿದಿಕತು ಅಕ್ಕನ ಅಂಗಡಿಯಲ್ಲಿ ಅದೇ ನೀಲಿಯ ಪುಟ್ಟ ಫ್ರಾಕು ನೇತಾಡುತ್ತಿತ್ತು. ನಾಲ್ಕು ವರ್ಷದ ಮಗುವಿನ ಅಳತೆ. ನಿಮ್ಮ ಮನೆಯಲ್ಲಿ ಆ ವಯಸ್ಸಿನ ಮಕ್ಕಳೇ ಇಲ್ಲ.

"ಇದು ಯಾರದ್ದಕ್ಕಾ?" ಎಂದೆ.

"ಅಬೆಯೊಕುಟಾದ ಮಗೂದು. ನಿಮ್ಮತ್ತೇನೇ ಹೇಳಿದ್ರಲ್ಲ, ನಿಂಗೊತ್ತಿಲ್ವಾ?" ಎಂದವಳು ತುಟಿ ಕಚ್ಚಿಕೊಂಡಳು. ಯಾರ‍್ಯಾರು ಬರುತ್ತಾರೆ ಎಂದು ನಾನು ಕೇಳಿದಾಗೆಲ್ಲ ನೀವು ಮಾತು ಹಾರಿಸಿದ್ದು ಆಗ ನೆನಪಾಯಿತು.

ಇವತ್ತು ಬೆಳಿಗ್ಗೆ ಅಕ್ಕನಿಂದ ವಿಳಾಸ ಪಡೆದು, ಫ್ರಾಕು ತಲುಪಿಸುವ ನೆಪದಲ್ಲಿ ನಾನೇ ಅಬೆಯೊಕುಟಾಗೆ ಹೋದೆ. ಬಾಗಿಲು ತೆಗೆದದ್ದು ಆ ಮಗುವೇ. ನಿಮ್ಮ ಮಗ ಲಾನ್ರೆಯದೇ ಹಣೆ, ಅವರದೇ ಹುಬ್ಬು.

"ಅಪ್ಪನ ಮದ್ವೆಗೆ ಹಾಕ್ಕೊಳ್ಳೋದು ಇದೇನಾ? ಆದ್ರೆ ಅಲ್ಲಿ ಅಪ್ಪ ಅನ್ಬಾರ್ದಂತೆ, ಮಾಮ ಅನ್ಬೇಕಂತೆ" ಎಂದಳು. ತಾಯಿ ತೀರಿಹೋಗಿ ಎರಡು ವರ್ಷವಾಯಿತೆಂದು ಅವಳ ಚಿಕ್ಕಮ್ಮ ಹೇಳಿದರು.

ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಇನ್ನೂ ಏನೇನು ಮುಚ್ಚಿಟ್ಟಿದ್ದೀರೋ ಎಂಬ ಅನುಮಾನ ಮಾತ್ರ ಹೋಗುತ್ತಿಲ್ಲ. ಶುಕ್ರವಾರದೊಳಗೆ ಲಾನ್ರೆ ಬಂದು ನಮ್ಮಪ್ಪನೆದುರು ಎಲ್ಲವನ್ನೂ ಹೇಳಲಿ. ದಯವಿಟ್ಟು ನೀವು ಜೊತೆಗೆ ಬರಬೇಡಿ. ಅಲ್ಲಿಯವರೆಗೆ ಕರೆಯೋಲೆ ಹಂಚುವುದನ್ನು ನಿಲ್ಲಿಸಿ.

ಮದುವೆ ಆಗಲಿ, ಬಿಡಲಿ, ಆ ಮಗು ಅಪ್ಪನನ್ನು ಅಪ್ಪ ಅಂತಲೇ ಕರೆಯಲಿ.

ಇಂತಿ,
ಇನ್ನೂ ನಿಮ್ಮ ಸೊಸೆಯಾಗದ
ಮೊರೆನಿಕೆ