ಮೂರು ಗಂಟಿನ ದಾರ

ರಂಗಂಪೇಟೆ, ಸುರಪುರ
ಶುಕ್ರವಾರ, ೧೪ ಡಿಸೆಂಬರ್ ೧೯೫೧

ಚಿರಂಜೀವಿ ಅಯ್ಯಣ್ಣನಿಗೆ, ನಿನ್ನ ತಂದೆ ನಾಗಣ್ಣ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತು ಮಾಡುವ ಆಶೀರ್ವಾದ.

ಮೈ ಹುಷಾರಾಗಿದೆಯೇ? ಕೇಳುವುದು ಪದ್ಧತಿ, ಕೇಳಿದ್ದೇನೆ. ಆದರೆ ನೀನು ಕೊಡುವ ಉತ್ತರದ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಹಿಂದಿನ ಮೂರು ಕಾಗದದಲ್ಲೂ 'ನಾನು ಇಲ್ಲಿ ಕ್ಷೇಮ' ಎಂಬ ಒಂದೇ ಸಾಲು, ಅದೂ ಕೆಳಗೆ ಜಾರಿಕೊಂಡು ಹೋದ ಅಕ್ಷರ. ಹೈದರಾಬಾದಿನ ಕಚೇರಿಯಲ್ಲಿ ಹಳೆಯ ಉರ್ದು ದಫ್ತರಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸುವ ಕೆಲಸ ಬಂದಿದೆ, ಉಸಿರಾಡಲು ಪುರಸೊತ್ತಿಲ್ಲ, ಅದಕ್ಕೇ ದಸರೆಗೆ ಬರಲಾಗಲಿಲ್ಲ ಎಂದು ಬರೆದೆ. ಒಪ್ಪಿಕೊಂಡೆ. ದೀಪಾವಳಿಗೂ ಬರಲಿಲ್ಲ, ಅದನ್ನೂ ಒಪ್ಪಿಕೊಂಡೆ. ಆದರೆ ಲಕೋಟೆಯ ಮೇಲಿನ ಮುದ್ರೆ ವಿಕಾರಾಬಾದಿನದು ಎಂದು ಪೋಸ್ಟಿನ ಮಾನಪ್ಪ ಓದಿ ಹೇಳಿದ. ವಿಕಾರಾಬಾದಿನಲ್ಲಿ ನಿನಗೇನು ಕೆಲಸ? ಮಾನಪ್ಪನಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂಬುದರ ಮೇಲೂ ನನಗೆ ಸಂಶಯವಿದೆ, ಆದ್ದರಿಂದ ಸದ್ಯಕ್ಕೆ ಆ ಮಾತು ಬಿಟ್ಟಿದ್ದೇನೆ.

ನಿನ್ನ ಅವ್ವ ಆರಾಮಾಗಿದ್ದಾಳೆ. ಮೊಣಕಾಲು ನೋವು ಎನ್ನುತ್ತಾಳೆ, ಆದರೆ ದರ್ಜಿಯ ಹೆಂಡತಿ ಆಮೀನಾಳ ಮನೆಗೆ ಹೋಗುವಾಗ ಆ ನೋವು ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಊರಲ್ಲಿ ಓಟಿನ ಗದ್ದಲ. ಮೂರು ವರ್ಷದ ಹಿಂದೆ ನಿಜಾಮನ ಹೆಸರು ಹೇಳಿ ಸಲಾಮು ಹೊಡೆಯುತ್ತಿದ್ದವರೇ ಈಗ ಖಾದಿ ಜಾಕೀಟು ಹಾಕಿಕೊಂಡು ಮನೆಮನೆಗೆ ಬಂದು ಕೈ ಮುಗಿಯುತ್ತಿದ್ದಾರೆ. ನಮ್ಮ ಅಂಗಡಿಯಲ್ಲಿ ಖಾದಿಯ ಒಂದು ಸುರುಳಿಯೂ ಉಳಿದಿಲ್ಲ. ಇಷ್ಟೊಂದು ಜನಕ್ಕೆ ಒಮ್ಮೆಲೇ ದೇಶದ ಮೇಲೆ ಪ್ರೀತಿ ಹುಟ್ಟಿದ್ದನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತದೆ. ಇರಲಿ. ನಾನು ಬರೆಯಲು ಕುಳಿತದ್ದೂ ಒಂದು ಜಾಕೀಟಿನ ವಿಷಯವೇ.

ಜಲಾಲುದ್ದೀನ ದರ್ಜಿಯ ಹೊಲಿಗೆ ಯಂತ್ರ ನಮ್ಮ ಮನೆಗೆ ಬಂದದ್ದು ನಿನಗೆ ನೆನಪಿದೆ. ನಿಜಾಮನ ಆಳ್ವಿಕೆ ಮುಗಿದ ಆ ಗಲಾಟೆಯ ವರ್ಷ ಅವನು ಊರು ಬಿಟ್ಟು ಹೋಗುವಾಗ ಯಾರಾದರೂ ಹೊತ್ತೊಯ್ದಾರು ಎಂದು ನಿನ್ನ ಅವ್ವ ಅದನ್ನು ತಂದು ಜೋಳದ ಚೀಲಗಳ ಹಿಂದೆ ಬಚ್ಚಿಟ್ಟಳು. ಅವನು ತಿರುಗಿ ಬರಲಿಲ್ಲ. ಅವನ ಹೆಂಡತಿ ಆಮೀನಾ ನಮ್ಮಲ್ಲಿಗೇ ಬಂದು ಹಿಂದಿನ ಕೋಣೆಯಲ್ಲಿ ಕುಳಿತು ಓಣಿಯ ಹೆಂಗಸರ ಕುಪ್ಪಸ ಹೊಲಿಯತೊಡಗಿದಳು. ಅಲ್ಲಿಯವರೆಗೆ ಸರಿ. ಆದರೆ ಅವಳ ಪಕ್ಕ ಕುಳಿತು ನಿನ್ನ ಹೆಂಡತಿ ಪಾರ್ವತಿ ನೋಡಿ ನೋಡಿ ಕೆಲಸ ಕಲಿತಳು. ಮೊದಲು ದಿಂಬಿನ ಚೀಲ ಹೊಲಿದಳು, ಆಮೇಲೆ ನಿನ್ನ ಅವ್ವನ ಕುಪ್ಪಸ, ಆಮೇಲೆ ನನಗೆ ಅಂಗಿಯ ಮೇಲೆ ಹಾಕುವ ತೋಳಿಲ್ಲದ ಒಂದು ಬಂಡಿ. ನಲವತ್ತು ವರ್ಷ ಬಟ್ಟೆ ಮಾರಿದವನ ಮನೆಯಲ್ಲಿ ಸೊಸೆ ದರ್ಜಿಯ ಕೆಲಸ ಮಾಡುತ್ತಾಳೆ ಎಂದರೆ ಗಿರಾಕಿಗಳು ಏನಂದಾರು? ನಾನು ಆ ಬಂಡಿಯನ್ನು ಎಂಟು ದಿನ ಮುಟ್ಟಲಿಲ್ಲ. ಒಂಬತ್ತನೆಯ ದಿನ ಚಳಿ ಇತ್ತು, ಹಾಕಿಕೊಂಡೆ. ಕಂಕುಳಲ್ಲಿ ಎಲ್ಲೂ ಹಿಡಿಯುವುದಿಲ್ಲ, ಅಷ್ಟು ಚೆಂದ ಕೂಡುತ್ತದೆ. ಈಗಲೂ ಅದೇ ಮೈಮೇಲಿದೆ, ಆದರೆ ಈ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಈಗ ಕೇಳು. ಹದಿನೈದು ದಿನದಿಂದ ಯಂತ್ರದ ಸದ್ದು ಮಧ್ಯಾಹ್ನ ಮಾತ್ರ ಕೇಳುತ್ತದೆ. ನಾನು ಊಟ ಮಾಡಿ ಎರಡು ಮನೆ ಆಚೆಯ ಅಂಗಡಿಗೆ ಬಂದ ಮೇಲೆ ಶುರುವಾಗುತ್ತದೆ, ನಾನು ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ನಿಲ್ಲುತ್ತದೆ. ಮೊನ್ನೆ ಸೋಮವಾರ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಯಂತ್ರದ ಕೆಳಗೆ ಒಂದು ಜಾಕೀಟು ಇತ್ತು. ಗಂಡಸರದು, ತುಂಬುತೋಳಿನದು, ಒಳಗೆ ಹತ್ತಿ ಹಾಸಿ ಹೊಲಿದದ್ದು. ಸುರಪುರದ ಚಳಿಗೆ ಹತ್ತಿ ತುಂಬಿದ ಜಾಕೀಟು ಯಾರಿಗೆ ಬೇಕು? ನನಗಲ್ಲ, ನನಗೆ ಬಂಡಿಯೇ ಸಾಕು. ಹೊಲಿಗೆಯೂ ವಿಚಿತ್ರ. ಎರಡೂ ಪಕ್ಕದಲ್ಲಿ ಒಳಗಡೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಬಟ್ಟೆ ಮಡಚಿ ಬಿಟ್ಟಿದ್ದಾಳೆ. ಕಲಿತವಳಾಗಿ ಇಷ್ಟು ಬಟ್ಟೆ ದಂಡ ಮಾಡಿದ್ದು ನೋಡಿ ಹೊಟ್ಟೆ ಉರಿಯಿತು.

ಯಂತ್ರದ ಪಕ್ಕದ ಗೂಡಿನಲ್ಲಿ ಮೂರು ದಾರ ಇದ್ದವು. ನಮ್ಮ ಕಡೆ ಹೆಂಗಸರು ದರ್ಜಿಯ ಮುಂದೆ ನಿಂತು ಅಳತೆ ಕೊಡುವುದಿಲ್ಲ, ಮನೆಯಲ್ಲೇ ದಾರ ಹಿಡಿದು ಅಳೆದು ಗಂಟು ಹಾಕಿ ಕಳಿಸುತ್ತಾರೆ. ಒಂದು ಗಂಟಿನದು ಎದೆ, ಎರಡು ಗಂಟಿನದು ಉದ್ದ, ಮೂರು ಗಂಟಿನದು ತೋಳು. ಗಂಡಸು ಯಾಕೆ ದಾರ ಕಳಿಸುತ್ತಾನೆ? ಎದುರಿಗೆ ಬಂದು ನಿಲ್ಲಲು ಆಗದವನು ಕಳಿಸುತ್ತಾನೆ. ನಾನು ಒಂದು ಗಂಟಿನ ದಾರವನ್ನು ಅಂಗಡಿಗೆ ತಂದು ನನ್ನ ಗಜದ ಮೇಲೆ ಹಿಡಿದೆ. ನಿನ್ನ ಎದೆ ಗಜ ದಾಟಿ ಎರಡು ಇಂಚು, ಮೂವತ್ತೆಂಟು. ನಿನ್ನ ಮದುವೆಯ ಕೋಟಿಗೆ ಬಟ್ಟೆ ಹರಿದವನು ನಾನೇ. ಈ ದಾರ ಗಜಕ್ಕೆ ನಾಲ್ಕು ಇಂಚು ಕಡಿಮೆ ಬಿತ್ತು. ಉಳಿದ ಎರಡು ದಾರಗಳನ್ನು ಅಳೆಯಲಿಲ್ಲ, ಅಳೆಯುವ ಅಗತ್ಯವೂ ಕಾಣಲಿಲ್ಲ. ಅಯ್ಯಣ್ಣ, ನಿನ್ನ ಹೆಂಡತಿ ಹೊಲಿಯುತ್ತಿರುವ ಜಾಕೀಟು ನಿನ್ನದಲ್ಲ.

ಇನ್ನೂ ಇದೆ. ಆಮೀನಾಳ ಮನೆಗೆ ಉರ್ದು ಕಾಗದಗಳು ಬರುತ್ತಿವೆ. ಗಂಡನದೇ ಇರಬೇಕು ಎಂದು ಮೊದಲು ಸಂತೋಷಪಟ್ಟೆ. ಆದರೆ ಕಾಗದ ಬಂದ ದಿನ ಆಮೀನಾ ನಗುವುದೂ ಇಲ್ಲ, ಅಳುವುದೂ ಇಲ್ಲ. ನೆಟ್ಟಗೆ ನಮ್ಮ ಮನೆಗೆ ಬಂದು ಪಾರ್ವತಿಯ ಜೊತೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಅವಳು ಹೋದ ಮೇಲೆ ನಿನ್ನ ಹೆಂಡತಿಯ ಕಣ್ಣು ಕೆಂಪಾಗಿರುತ್ತದೆ. ನನಗೆ ಉರ್ದು ಓದಲು ಬಂದಿದ್ದರೆ ಈ ಪಾಡೇ ಇರುತ್ತಿರಲಿಲ್ಲ. ನಿನ್ನನ್ನು ಶಾಲೆಗೆ ಹಾಕಿ ಕಲಿಸಿದೆ, ನಾನು ಕಲಿಯಲಿಲ್ಲ.

ಯಾರು ಎಂದು ಕೇಳುತ್ತೀ. ಎದುರು ಮನೆಯಲ್ಲಿ ದೇವಿಂದ್ರ ಎಂಬ ಮಾಸ್ತರ ಬಾಡಿಗೆಗೆ ಬಂದಿದ್ದಾನೆ. ಹೊಸ ಕನ್ನಡ ಶಾಲೆಗೆಂದು ಬಂದವನು, ಒಬ್ಬನೇ ಇರುತ್ತಾನೆ, ಒಣಗಿದ ತೊಗರಿ ಕಟ್ಟಿಗೆಯ ಹಾಗಿದ್ದಾನೆ. ದೂರದಿಂದ ನೋಡಿದರೂ ಸಾಕು, ಎದೆ ಮೂವತ್ತೆರಡು, ಒಂದು ಎಳೆ ಹೆಚ್ಚಿಲ್ಲ. ನನ್ನ ಕಣ್ಣಳತೆ ನಿನಗೆ ಗೊತ್ತು. ದಿನಾ ಬೆಳಿಗ್ಗೆ ನಮ್ಮ ಬಾವಿಗೆ ನೀರಿಗೆ ಬರುತ್ತಾನೆ, ನೆಲ ನೋಡಿಕೊಂಡೇ ಹೋಗುತ್ತಾನೆ. ಅಷ್ಟೊಂದು ನೆಲ ನೋಡುವವನ ಮೇಲೆ ನನಗೆ ವಿಶ್ವಾಸವಿಲ್ಲ. ನಿನ್ನ ಅವ್ವನಿಗೆ ಹೇಳಿದರೆ "ನಿಮ್ಮ ಕಣ್ಣಾಗ ಎಲ್ಲಾರೂ ಕಳ್ಳರs. ಆ ಹುಡುಗಿ ನಮ್ಮ ಮನಿಗೆ ಬಂದು ಆರು ವರ್ಷಾತು, ಒಮ್ಮೆರ ತಲಿ ಎತ್ತಿ ಮಾತಾಡ್ಯಾಳೇನು?" ಎಂದು ನನಗೇ ಬೈದಳು.

ಅದೇ ನನ್ನ ಕಷ್ಟ. ಮಾವ ಸೊಸೆ ಎದುರಾಬದುರು ಮಾತಾಡುವ ರೂಢಿ ನಮ್ಮಲ್ಲಿಲ್ಲ. ಆರು ವರ್ಷದಿಂದ ನಾನು ನಡುಮನೆಯ ಕಂಬಕ್ಕೆ ಹೇಳುತ್ತೇನೆ, ನೀರು ಬೇಕು, ಊಟ ಬೇಕು, ಛತ್ರಿ ಎಲ್ಲಿದೆ ಎಂದು. ಕಂಬದ ಹಿಂದೆ ಬಳೆ ಸದ್ದಾದರೆ ಹೌದು ಎಂದು ಅರ್ಥ. ನಿನ್ನೆ ಕಂಬಕ್ಕೆ ಕೇಳಿದೆ, "ಆ ಜಾಕೀಟ ಯಾರದವಾ?" ಬಳೆಯ ಸದ್ದು ಬರಲಿಲ್ಲ.

ಆದ್ದರಿಂದ ನಿರ್ಧಾರ ಮಾಡಿದ್ದೇನೆ. ಎಳ್ಳಮಾವಾಸ್ಯೆಯೊಳಗೆ ನೀನು ಬರಬೇಕು, ಇಲ್ಲವೇ ಸರಿಯಾದ ಉತ್ತರ ಬರೆಯಬೇಕು. ಎರಡೂ ಆಗದಿದ್ದರೆ ಅವಳನ್ನು ಕೆಂಭಾವಿಗೆ, ಅವಳ ತವರಿಗೆ, ಬಿಟ್ಟು ಬರುತ್ತೇನೆ. ಗಾಡಿ ಹೊಡೆಯುವ ಸಾಬಣ್ಣನಿಗೆ ಎತ್ತಿನ ಗಾಡಿ ಸಿದ್ಧವಿಟ್ಟುಕೋ ಎಂದು ಹೇಳಿಯೂ ಆಗಿದೆ. ಒಮ್ಮೆ ಬಿಟ್ಟು ಬಂದರೆ ಮತ್ತೆ ಕರೆತರುವವನು ನಾನಲ್ಲ. ನನ್ನ ಮಗನ ಮನೆ ಹಾಳಾಗುವುದನ್ನು ನೋಡುತ್ತ ಕೂರಲು ನನ್ನಿಂದ ಆಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಕಚೇರಿಯಲ್ಲಿ ಯಾರನ್ನೂ ಬೇಗ ನಂಬಬೇಡ. ನಿನ್ನ ಅವ್ವ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿಟ್ಟಿದ್ದಾಳೆ, ಯಾರಾದರೂ ಆ ಕಡೆ ಹೋಗುವವರಿದ್ದರೆ ಕಳಿಸುತ್ತೇವೆ. ಅವಳ ಆಶೀರ್ವಾದವನ್ನೂ ಇದರಲ್ಲೇ ತಿಳಿದುಕೋ.

ಇಂತು ನಿನ್ನ ತಂದೆ,
ನಾಗಣ್ಣ

ತಾಜಾಕಲಂ: ಅದೇ ದಿನ, ದೀಪ ಹಚ್ಚುವ ಹೊತ್ತು. ಅಕ್ಷರ ಕೆಟ್ಟಿವೆ, ನೋಡಿಕೊಂಡು ಓದು.

ಲಕೋಟೆ ಅಂಟಿಸುವ ಮೊದಲು ಒಂದು ಸಾಕ್ಷಿ ಇರಲಿ ಎಂದು ಮನೆಗೆ ಹೋಗಿ ಜಾಕೀಟು ತೆಗೆದುಕೊಂಡೆ, ಎದುರು ಮನೆಯ ಮಾಸ್ತರನನ್ನು ನಮ್ಮ ಪಡಸಾಲೆಗೆ ಕರೆದೆ. ಗಿರಾಕಿಯೊಬ್ಬನದು, ನಿಮ್ಮ ಮೈಕಟ್ಟೇ ಅವನದು, ಅಳತೆ ನೋಡಬೇಕಿತ್ತು ಎಂದು ಸುಳ್ಳು ಹೇಳಿದೆ. ಪಾಪ, ನಂಬಿ ಹಾಕಿಕೊಂಡ. ಎದೆಗೆ ಸರಿಯಾಗಿ ಕೂತಿತು. ಆಮೇಲೆ ಅವನು ಕೈ ಇಳಿಬಿಟ್ಟ. ತೋಳು ಅವನ ಬೆರಳು ದಾಟಿ ಕೆಳಗೆ ಜೋತಾಡಿತು.

ಅಷ್ಟು ಉದ್ದದ ಕೈ ಈ ಓಣಿಯಲ್ಲಿ ಇಬ್ಬರಿಗೇ ಇದ್ದದ್ದು, ನಿನ್ನ ಅಜ್ಜನಿಗೆ ಮತ್ತು ನಿನಗೆ. ಮಾಸ್ತರನನ್ನು ಕಳಿಸಿ, ಗೂಡಿನಿಂದ ಮೂರು ಗಂಟಿನ ದಾರ ತೆಗೆದುಕೊಂಡು ಗೂಟದ ಮೇಲಿನ ನಿನ್ನ ಮದುವೆಯ ಕೋಟಿನ ತೋಳಿಗೆ ಹಿಡಿದೆ. ಹೆಗಲಿನಿಂದ ಮುಂಗೈವರೆಗೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಮನುಷ್ಯ ಸೊರಗಿದರೆ ಎದೆ ಇಳಿಯುತ್ತದೆ, ತೋಳಿನ ಉದ್ದ ಇಳಿಯುವುದಿಲ್ಲ. ನಲವತ್ತು ವರ್ಷ ಬಟ್ಟೆ ಅಳೆದವನು ನಾನು, ಒಂದೇ ದಾರ ಅಳೆದು ಬಿಟ್ಟೆ.

ನಾನು ಕೋಟು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತೆ. ಕಂಬದ ಹಿಂದಿನಿಂದ ಪಾರ್ವತಿ ಎದುರಿಗೆ ಬಂದಳು. ಆರು ವರ್ಷದಲ್ಲಿ ಮೊದಲ ಸಲ ಅವಳ ದನಿ ಕೇಳಿದೆ. "ಮಾವಾರ, ಮೂರು ತಿಂಗಳಾತ್ರಿ. ಎದಿ ಬ್ಯಾನಿ, ಕ್ಷಯ ಅಂತ. ವಿಕಾರಾಬಾದ ಗುಡ್ಡದ ದವಾಖಾನ್ಯಾಗ ಅದಾರ. ಪಡಸಾಲ್ಯಾಗ ಗಾಳಿಗೆ ಮಲಗಸ್ತಾರಂತ, ಥಂಡಿ ಭಾಳ ಅಂತ. ಮನ್ಯಾಗ ಹೇಳಿದ್ರ ನನ್ನ ಆಣಿ ಅಂತ ಬರದಾರ." ಅಷ್ಟು ಹೇಳಿ ನನ್ನ ಪಕ್ಕವೇ ಕುಳಿತು ಅತ್ತಳು. ನಿನ್ನ ಕಾಗದಗಳೆಲ್ಲ ಅಂಗಡಿಗೆ ಬರುತ್ತವೆ, ಒಂದೊಂದನ್ನೂ ನಾನು ಒಡೆದು ಓದುತ್ತೇನೆ ಎಂದು ಹೆದರಿ ಆಮೀನಾಳ ಹೆಸರಿಗೆ ಉರ್ದುವಿನಲ್ಲಿ ಬರೆದೆಯಲ್ಲ, ಅಳತೆಯ ದಾರಗಳನ್ನೂ ಅದರಲ್ಲೇ ಇಟ್ಟು ಕಳಿಸಿದೆಯಲ್ಲ. ನಿನಗೆ ಕಲಿಸಿದ ಉರ್ದು ನನ್ನಿಂದಲೇ ಮುಚ್ಚಿಡುವುದಕ್ಕೆ ಬಳಕೆಯಾಯಿತಲ್ಲ ಎಂದು ಇಂದು ನನಗೇ ನಾಚಿಕೆಯಾಯಿತು. ನಾನು ಇಂಥ ಮನುಷ್ಯ ಅಲ್ಲದಿದ್ದರೆ ಆ ಹುಡುಗಿ ಮೂರು ತಿಂಗಳು ಒಬ್ಬಳೇ ಇದನ್ನು ಹೊರಬೇಕಿರಲಿಲ್ಲ.

ಅವ್ವನಿಗೆ ಹೇಳಿದ್ದೇವೆ. ಅತ್ತಳು, ಆಮೇಲೆ ಎದ್ದು ಹಿಂಡಿ ಕಟ್ಟತೊಡಗಿದಳು. ಸಾಬಣ್ಣನಿಗೆ ಗಾಡಿ ಬೇಡವೆಂದು ಹೇಳಿ ಕಳಿಸಿದ್ದೇನೆ. ಬೆಳಗಿನ ಬಸ್ಸಿಗೆ ಶಹಾಪುರದ ಮೇಲೆ ಯಾದಗಿರಿಗೆ ಬಂದು ರೈಲು ಹಿಡಿಯುತ್ತೇವೆ, ನಾನು ಮತ್ತು ಪಾರ್ವತಿ. ಆದ್ದರಿಂದ ಈ ಕಾಗದ ಅಂಚೆಗೆ ಬೀಳುವುದಿಲ್ಲ, ನನ್ನ ಕೈಯಿಂದಲೇ ನಿನ್ನ ಕೈಗೆ ಬರುತ್ತದೆ. ಹರಿದು ಹಾಕಬೇಕೆಂದುಕೊಂಡೆ, ಹರಿಯಲಿಲ್ಲ. ನಾನು ಅವಳ ಮೇಲೆ ಏನೇನು ಸಂಶಯಪಟ್ಟೆ ಎಂಬುದನ್ನು ಒಂದಕ್ಷರ ಬಿಡದೆ ಅವಳಿಗೆ ಓದಿ ಹೇಳು. ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು. ಜಾಕೀಟಿನ ಒಳಗೆ ದಂಡ ಮಾಡಿದ್ದಾಳೆ ಎಂದೆನಲ್ಲ, ಆ ಮಡಚಿದ ಬಟ್ಟೆಯನ್ನು ಈಗ ಬಿಡಿಸಿ ಗಜಕ್ಕೆ ಹಿಡಿದು ನೋಡಿದೆ. ಒಂದೊಂದು ಪಕ್ಕಕ್ಕೆ ಮೂರು ಇಂಚು ಬಿಟ್ಟಿದ್ದಾಳೆ. ಬಿಚ್ಚಿ ಹೊಲಿದರೆ ಸರಿಯಾಗಿ ನಿನ್ನ ಹಿಂದಿನ ಮೂವತ್ತೆಂಟಾಗುತ್ತದೆ.